ರಷ್ಯನ್ ಕಲಿಕೆ: ಮೊದಲ ವರ್ಷಕ್ಕೆ ಎಷ್ಟು ಸಾಕು?

‘ಮೂರು ತಿಂಗಳಲ್ಲಿ ರಷ್ಯನ್ ಮಾತನಾಡುತ್ತೇನೆ’ ಎನ್ನುವುದು ಗುರಿಯಲ್ಲ, ಹರಕೆ. ನನ್ನನ್ನು ಕೇಳಿದರೆ ಮೊದಲ ಎರಡು ವಾರಕ್ಕೆ ಒಂದೇ ಕೆಲಸ: 33 ಅಕ್ಷರ ಕಲಿತು, ಮಾಸ್ಕೋ ಮೆಟ್ರೋ ನಕ್ಷೆಯ ನಿಲ್ದಾಣಗಳ ಹೆಸರನ್ನು ತಡವರಿಸಿಯಾದರೂ ಓದುವುದು. ಇಂಗ್ಲಿಷಿಗೆ ಒಗ್ಗಿದ ಕಣ್ಣು ಇಲ್ಲಿ ಮೋಸಹೋಗುತ್ತದೆ. ‘ಪಿ’ಯಂತೆ ಕಾಣುವುದು ರ, ‘ಎಚ್’ನಂತಿರುವುದು ನ, ‘ಬಿ’ಯಂತಿರುವುದು ವ. ಉಚ್ಚಾರಣೆಯನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳಬೇಡಿ. ಆ ಊರುಗೋಲು ಆಮೇಲೆ ಕೈಬಿಡುವುದಿಲ್ಲ.

ಆರು ವಿಭಕ್ತಿಗಳಿವೆ ಎಂದು ಹೆದರಿಸುವವರಿದ್ದಾರೆ. ಮನೆಗೆ, ಮನೆಯಲ್ಲಿ, ಮನೆಯನ್ನು ಎನ್ನುತ್ತಲೇ ಬೆಳೆದ ನಮಗೆ ಅದೇನು ಹೊಸದಲ್ಲ. ನಿಜವಾದ ತೊಡಕು ಬೇರೆ: ನಾಮಪದದ ಲಿಂಗ, ವಚನ, ವಿಭಕ್ತಿಗೆ ತಕ್ಕಂತೆ ವಿಶೇಷಣವೂ ರೂಪ ಬದಲಿಸುತ್ತದೆ. ಹಾಗಾಗಿ ತಿಂಗಳಿಗೊಂದು ವಿಭಕ್ತಿ, ಅದೂ ಏಕವಚನದಲ್ಲಿ ಮಾತ್ರ. ಕ್ರಿಯಾಪದಗಳು ಪೂರ್ಣ (ಮುಗಿದ ಕೆಲಸಕ್ಕೆ), ಅಪೂರ್ಣ (ನಡೆಯುತ್ತಿರುವ ಅಥವಾ ಮತ್ತೆ ಮತ್ತೆ ಮಾಡುವ ಕೆಲಸಕ್ಕೆ) ಎಂದು ಜೋಡಿಯಾಗಿ ಬರುತ್ತವೆ. ಓದುವಾಗ ಗುರುತು ಹಿಡಿದರೆ ಮೊದಲ ವರ್ಷಕ್ಕೆ ಧಾರಾಳ.

ವಿದೇಶಿಯರಿಗಾಗಿ ರಷ್ಯಾ ನಡೆಸುವ ಭಾಷಾ ಪರೀಕ್ಷೆಯ ಆರಂಭಿಕ ಹಂತಕ್ಕೆ ಸುಮಾರು 780 ಪದ ಬೇಕು. ದಿನಕ್ಕೆ ಐದು ಕಲಿತರೆ ಲೆಕ್ಕದ ಪ್ರಕಾರ ಐದು ತಿಂಗಳು ಸಾಕು. ಮರೆವಿನ ಪಾಲೂ ಸೇರಿಸಿ ಎಂಟು ಎಂದು ಬರೆದುಕೊಳ್ಳಿ. ಭಾನುವಾರ ಹೊಸ ಪದ ಬೇಡ, ಹಳೆಯದನ್ನು ಗಟ್ಟಿಯಾಗಿ ಓದಿ.