ಸಂಬಳ 25ಕ್ಕೆ, ಉದ್ರಿ 27ಕ್ಕೆ

ಟೋಕಿಯೊಗೆ ಬಂದ ಮೊದಲ ವರ್ಷ ನನ್ನ ಹತ್ತಿರ ದುಡ್ಡಿದೆ ಅಂತಲೇ ನಾನು ತಿಳಿದುಕೊಂಡಿದ್ದೆ. 2022ರ ಏಪ್ರಿಲ್‌ನಲ್ಲಿ ಕೆಲಸಕ್ಕೆ ಸೇರಿದೆ. ಸಂಬಳ 2,60,000 ಯೆನ್. ಪಿಂಚಣಿಗೆ ಶೇ. 9.15, ಆರೋಗ್ಯ ವಿಮೆಗೆ ಹೆಚ್ಚುಕಡಿಮೆ ಶೇ. 5, ಆಮೇಲೆ ಉದ್ಯೋಗ ವಿಮೆ, ಆದಾಯ ತೆರಿಗೆ. ಎಲ್ಲ ಕಳೆದು ಕೈಗೆ ಬರುತ್ತಿದ್ದದ್ದು 2,17,000ದ ಆಸುಪಾಸು. ಎದೋಗಾವಾದಲ್ಲಿ ಒಂದು ಕೋಣೆಯ ಮನೆ, ಬಾಡಿಗೆ 68,000. ಉಳಿದಿದ್ದರಲ್ಲಿ ಒಬ್ಬ ಆರಾಮಾಗಿ ಇರಬಹುದು, ಅಲ್ವಾ? ಆದರೂ ಪ್ರತಿ ತಿಂಗಳು 20ನೇ ತಾರೀಖು ಬಂತೆಂದರೆ ಒನಿಗಿರಿ ಅನ್ನುವ ಅನ್ನದ ಉಂಡೆಯೇ ಗತಿ ಅನ್ನುವಂತಾಗುತ್ತಿತ್ತು.

ಲೆಕ್ಕ ಇಡುತ್ತಿರಲಿಲ್ಲ ಅಂತಲ್ಲ. ಬ್ಯಾಂಕು, ಕಾರ್ಡು ಎಲ್ಲವನ್ನೂ ಜೋಡಿಸುವ ಒಂದು ಆ್ಯಪ್ ಹಾಕಿಕೊಂಡಿದ್ದೆ. ಬಣ್ಣಬಣ್ಣದ ಚಕ್ರ ತೋರಿಸುತ್ತಿತ್ತು, ನೋಡಿ ಖುಷಿಪಡುತ್ತಿದ್ದೆ. ಒಂದು ದಿನ ಕೂತು ನೋಡಿದರೆ, ಕಾರ್ಡಿನಿಂದ ಸುಯಿಕಾಗೆ, ಅಂದರೆ ಮೊದಲೇ ದುಡ್ಡು ತುಂಬಿಸಿಡುವ ರೈಲು ಕಾರ್ಡಿಗೆ, 5,000 ತುಂಬಿಸಿದ್ದು ಒಂದು ಖರ್ಚು, ಅದೇ ಸುಯಿಕಾದಿಂದ ರೈಲಿಗೆ, ಕಾಫಿಗೆ ಕೊಟ್ಟಿದ್ದು ಮತ್ತೊಂದು ಖರ್ಚು! ಒಂದೇ ದುಡ್ಡು ಎರಡು ಸಲ ಹೋಗಿತ್ತು. ಅಸಲಿ ಎಡವಟ್ಟು ಇದೂ ಅಲ್ಲ ಅಂತ ಆಮೇಲೆ ಗೊತ್ತಾಯಿತು.

ದಾವಣಗೆರೆಯಲ್ಲಿ ನಮ್ಮಪ್ಪನದು ಸಣ್ಣ ಕಿರಾಣಿ ಅಂಗಡಿ. ಫೋನಿನಲ್ಲಿ ನನ್ನ ಗೋಳು ಹೇಳಿಕೊಂಡೆ. ಸಂಬಳ 25ಕ್ಕೆ ಬರುತ್ತೆ, 27ಕ್ಕೆ ಕಾರ್ಡಿನವರು ಹೋದ ತಿಂಗಳ ಲೆಕ್ಕ ಹಿಡಿದುಕೊಳ್ಳುತ್ತಾರೆ, ಎರಡೇ ದಿನ ನಾನು ಸಾಹುಕಾರ ಅಂದೆ. ಅಪ್ಪ ನಕ್ಕರು. "ಉದ್ರಿ ತಗಂಡು ಕೈಯಾಗ ದುಡ್ಡೈತಿ ಅನ್ಕಂಡಿದ್ದೀಯಲ್ಲೋ! ಉದ್ರಿ ಪುಸ್ತಕದಾಗ ಯಾವತ್ತು ಬರಿತೀವಿ? ಸಾಮಾನು ಒಯ್ದ ದಿನ. ದುಡ್ಡು ಕೊಟ್ಟ ದಿನ ಅಲ್ಲ."

ಅಷ್ಟೇ. ನನ್ನ ಪೂರ್ತಿ ಪದ್ಧತಿ ನಿಂತಿರುವುದು ಈ ಮಾತಿನ ಮೇಲೆ.

ಆವತ್ತೇ ಒಂದು ಸ್ಪ್ರೆಡ್‌ಶೀಟ್ ಮಾಡಿದೆ. ನನ್ನ ತಿಂಗಳು 1ಕ್ಕೆ ಶುರುವಾಗುವುದಿಲ್ಲ. 25ಕ್ಕೆ ಶುರುವಾಗಿ ಮುಂದಿನ 24ಕ್ಕೆ ಮುಗಿಯುತ್ತದೆ. ಕಾರ್ಡು ಉಜ್ಜಿದ ದಿನವೇ ಬರೆಯುತ್ತೇನೆ. ಅಂಗಡಿಯಲ್ಲಿ ರಸೀದಿ ಬೇಡ ಅನ್ನುವುದನ್ನು ಬಿಟ್ಟೆ. ಜೇಬಿಗೆ ಹಾಕಿಕೊಂಡು ರಾತ್ರಿ ಹಲ್ಲುಜ್ಜುವಾಗ ಒಂದು ಕೈಯಲ್ಲಿ ಮೊಬೈಲ್ ಹಿಡಿದು ಬರೆದುಬಿಡುತ್ತೇನೆ. ಸುಯಿಕಾಗೆ ತುಂಬಿಸಿದ್ದನ್ನು ಖರ್ಚು ಅಂತ ಬರೆಯುವುದಿಲ್ಲ, ಅದು ಬಲ ಜೇಬಿನಿಂದ ಎಡ ಜೇಬಿಗೆ ಹೋಗಿದ್ದು. 27ಕ್ಕೆ ಕಾರ್ಡಿನ ಮೊತ್ತ ಕಡಿತವಾದಾಗ ಹೊಸದಾಗಿ ಏನೂ ಬರೆಯುವುದಿಲ್ಲ, ಶೀಟಿನ ಮೊತ್ತಕ್ಕೆ ತಾಳೆ ಆಗುತ್ತಾ ನೋಡುತ್ತೇನೆ.

ಆಫೀಸಿನಲ್ಲಿ ನನ್ನ ಪಕ್ಕದ ಸೆಂಪೈ, ಅಂದರೆ ನನಗಿಂತ ಹಿರಿಯ ಸಹೋದ್ಯೋಗಿ, ಈಗಲೂ ಕಾಗದದ ಕಕೇಬೊ ಬರೆಯುತ್ತಾರೆ. ಕಕೇಬೊ ಅಂದರೆ ಮನೆಖರ್ಚಿನ ಪುಸ್ತಕ. 1904ರಲ್ಲಿ ಅದನ್ನು ಮೊದಲು ಅಚ್ಚು ಹಾಕಿಸಿದವರು ಹನಿ ಮೊತೊಕೊ ಎಂಬ ಪತ್ರಕರ್ತೆ. ಹನಿಹನಿಗೂಡಿದರೆ ಹಳ್ಳ ಅನ್ನುವ ನಮಗೆ ಆ ಹೆಸರು ಮರೆಯುವುದು ಕಷ್ಟ. ಸೆಂಪೈ ಪುಸ್ತಕದಲ್ಲಿ 'ಶಿತೊ ಫುಮೇಕಿನ್' ಅಂತ ಒಂದು ಸಾಲು ಇತ್ತು. ಎಲ್ಲಿ ಹೋಯಿತೋ ಗೊತ್ತಿಲ್ಲದ ದುಡ್ಡು. ನಾನೂ ಆ ಸಾಲನ್ನು ಕದ್ದೆ. ತಿಂಗಳಿಗೆ 3,000 ಯೆನ್‌ವರೆಗೆ ನನಗೆ ಮಾಫಿ. ಅದಕ್ಕಿಂತ ಜಾಸ್ತಿಯಾದರೆ ಮಾತ್ರ ಹುಡುಕುತ್ತೇನೆ. ಇದೊಂದು ರಿಯಾಯಿತಿ ಇಲ್ಲದಿದ್ದರೆ ಮೂರನೇ ತಿಂಗಳಿಗೇ ಶೀಟು ಮುಚ್ಚಿಡುತ್ತಿದ್ದೆ.

ಕಾರ್ಡು ಒಂದು ತಿಂಗಳು ತಡವಾದರೆ, ಜೂಮಿನ್‌ಝೇ ಅಂದರೆ ನಿವಾಸಿ ತೆರಿಗೆ ಒಂದು ವರ್ಷ ತಡ. ಮೊದಲ ವರ್ಷ ಸಂಬಳದ ಚೀಟಿಯಲ್ಲಿ ಆ ಕಾಲಂ ಖಾಲಿ ಇತ್ತು. ನನಗೆ ಇಲ್ಲವೇನೋ ಅಂದುಕೊಂಡೆ! 2023ರ ಜೂನ್‌ನಲ್ಲಿ 8,100 ಯೆನ್ ಕಡಿತ ಶುರುವಾಯಿತು. ಅದು 2022ರ ಗಳಿಕೆಯ ಮೇಲಿನದು. ಆ ವರ್ಷ ನಾನು ದುಡಿದದ್ದು 9 ತಿಂಗಳು ಮಾತ್ರ. ಹಾಗಾಗಿ ಮುಂದಿನ ವರ್ಷ ಇನ್ನೂ ಏರುತ್ತೆ ಅಂತ ಆಗಲೇ ಬರೆದಿಟ್ಟೆ. ಹೊಸಬರಿಗೆ ಇದನ್ನು ಮೊದಲೇ ಹೇಳುವವರು ಕಡಿಮೆ.

ಬಾಡಿಗೆ ಕರಾರಿನದು ಇನ್ನೂ ನಿಧಾನದ ಏಟು. ಎರಡು ವರ್ಷಕ್ಕೊಮ್ಮೆ ನವೀಕರಣಕ್ಕೆ ಒಂದು ತಿಂಗಳ ಬಾಡಿಗೆ ಕೊಡಬೇಕು. 68,000ವನ್ನು 24ರಿಂದ ಭಾಗಿಸಿದರೆ 2,833. ಅದಕ್ಕೇ ತಿಂಗಳಿಗೆ 3,000 ಎತ್ತಿಡುತ್ತೇನೆ. ಊರಿಗೆ ಹೋಗುವ ವಿಮಾನದ ಟಿಕೆಟ್ಟಿಗೂ ಇದೇ ಥರ ಒಂದು ಸಾಲಿದೆ.

ಹೂಡಿಕೆ ಶುರು ಮಾಡಿದ್ದು 2024ರ ಜನವರಿಯಲ್ಲಿ, ನೀಸಾ ಅನ್ನುವ ಹೂಡಿಕೆ ಖಾತೆಯ ಹೊಸ ರೂಪ ಬಂದ ತಿಂಗಳೇ. ಷೇರು, ಫಂಡಿನ ಲಾಭಕ್ಕೆ ಇಲ್ಲಿ ಶೇ. 20.315 ತೆರಿಗೆ. ನೀಸಾ ಖಾತೆಯಲ್ಲಿದ್ದರೆ ಅದಿಲ್ಲ. ವರ್ಷಕ್ಕೆ 36 ಲಕ್ಷ ಯೆನ್, ಜೀವಮಾನಕ್ಕೆ 1.8 ಕೋಟಿ ಮಿತಿ. ನನ್ನಂಥವನಿಗೆ ಆ ಮಿತಿ ಆಕಾಶದಷ್ಟು ದೂರ ಬಿಡಿ. ತಿಂಗಳಿಗೆ 30,000, ಸಂಬಳ ಬಂದ ಮರುದಿನವೇ, ಇಡೀ ಜಗತ್ತಿನ ಷೇರುಗಳ ಒಂದು ಇಂಡೆಕ್ಸ್ ಫಂಡಿಗೆ. ಇಲ್ಲಿ ಎಲ್ಲರೂ 'ಒರುಕಾನ್' ಅನ್ನುವುದು ಇದಕ್ಕೇ. ನಮ್ಮ ಎಸ್‌ಐಪಿ ಇದ್ದ ಹಾಗೆ.

ತಪ್ಪು ಮಾಡಿದ್ದು ಇಲ್ಲೇ. ಫಂಡಿನ ಇವತ್ತಿನ ಬೆಲೆಯನ್ನೂ ಅದೇ ಶೀಟಿನ 'ನನ್ನ ದುಡ್ಡು' ಸಾಲಿಗೆ ಸೇರಿಸಿದ್ದೆ. ಏರುತ್ತಾ ಇದ್ದಾಗ ಧೈರ್ಯ ಬಂತು, ಇಝಾಕಾಯಾಗೆ, ಅಂದರೆ ಇಲ್ಲಿನ ಬಾರಿಗೆ, ಹೋಗುವುದು ಜಾಸ್ತಿಯಾಯಿತು. 2024ರ ಆಗಸ್ಟ್ 5, ಸೋಮವಾರ, ಟೋಕಿಯೊ ಷೇರುಪೇಟೆಯ ಸೂಚ್ಯಂಕ ನಿಕ್ಕೈ ಒಂದೇ ದಿನ 4,451 ಅಂಶ ಬಿತ್ತು. ಶೇ. 12ಕ್ಕೂ ಮೇಲೆ. ಯೆನ್ ಕೂಡ ಆ ದಿನಗಳಲ್ಲಿ ಗಟ್ಟಿಯಾಗಿ, ಹೊರದೇಶದ ಷೇರುಗಳ ಬೆಲೆ ಯೆನ್ ಲೆಕ್ಕದಲ್ಲಿ ಇನ್ನೂ ಇಳಿದಿದ್ದರಿಂದ ನನ್ನ ಫಂಡಿಗೆ ಎರಡೂ ಕಡೆಯಿಂದ ಪೆಟ್ಟು. 7 ಕಂತಿನಲ್ಲಿ ಹಾಕಿದ್ದ 2,10,000ಕ್ಕಿಂತ ಕಡಿಮೆ ತೋರಿಸುತ್ತಿತ್ತು. ಮರುದಿನ ನಿಕ್ಕೈ 3,217 ಅಂಶ ಏರಿತು. ನಾನು ಮಾರಲಿಲ್ಲ. ಜಾಣತನ ಅಂತಲ್ಲ, ಪಾಸ್‌ವರ್ಡ್ ಮೂರು ಸಲ ತಪ್ಪು ಒತ್ತಿ ಖಾತೆ ಲಾಕ್ ಆಗಿತ್ತು.

ಆಮೇಲೆ ಶೀಟಿನಲ್ಲಿ 'ಹಾಕಿದ್ದು' ಎಷ್ಟು ಅಂತ ಮಾತ್ರ ಇಟ್ಟೆ. 'ಈಗಿನ ಬೆಲೆ'ಯನ್ನು ಬೇರೆ ಹಾಳೆಗೆ ಕಳಿಸಿದೆ. ಅದನ್ನು ತೆರೆಯುವುದು ತಿಂಗಳಿಗೊಮ್ಮೆ, 24ರ ರಾತ್ರಿ.

ಫುರುಸಾತೊ ನೋಝೇ ಕೂಡ ಮಾಡುತ್ತೇನೆ. ಬೇರೆ ಊರಿನ ಆಡಳಿತಕ್ಕೆ ದೇಣಿಗೆ ಕೊಟ್ಟರೆ, ಮಿತಿಯೊಳಗೆ, 2,000 ಬಿಟ್ಟು ಉಳಿದದ್ದು ತೆರಿಗೆಯಲ್ಲಿ ಕಳೆಯುತ್ತದೆ. ಊರಿನವರು ಏನಾದರೂ ಕಳಿಸುತ್ತಾರೆ. 2025ರಲ್ಲಿ 5 ಕೆಜಿ ಅಕ್ಕಿ 4,000 ಯೆನ್ ದಾಟಿದಾಗ ನಾನು ತರಿಸಿದ್ದು ಅಕ್ಕಿಯನ್ನೇ. ಅಂಟು ಅಕ್ಕಿ, ಚಿತ್ರಾನ್ನಕ್ಕೆ ಆಗುವುದಿಲ್ಲ. ಮೊಸರನ್ನಕ್ಕೆ ಭೇಷಾಗಿರುತ್ತದೆ.

ಈಗ ಶೀಟಿನ ಕೊನೆಗೆ ಒಂದು ಖಾಲಿ ಕಾಲಂ ಇದೆ. ದಾವಣಗೆರೆಯ ಬ್ಯಾಂಕಿನಲ್ಲಿರುವ ನನ್ನ ಎಫ್‌ಡಿ ಬಡ್ಡಿಗೆ. ಜಪಾನಿನಲ್ಲಿ 5 ವರ್ಷ ದಾಟಿದ ವಿದೇಶಿಯರು ಹೊರದೇಶದ ಆದಾಯವನ್ನೂ ಇಲ್ಲಿ ತೋರಿಸಬೇಕು. ಕಾಲಂ ತಲೆಗೆ '2027 ಏಪ್ರಿಲ್' ಅಂತ ಬರೆದು, ಹಳದಿ ಬಣ್ಣ ಹಚ್ಚಿಟ್ಟಿದ್ದೇನೆ.