ಮೀನು ಮೊದಲು, ಅನೆಮೊನಿ ಕೊನೆಗೆ

ಕ್ಲೌನ್ ಮೀನು ಸಾಕುವುದು ಕಷ್ಟವಲ್ಲ, ಕಷ್ಟವಿರುವುದು ಅನೆಮೊನಿಯಲ್ಲಿ, ಅಂದರೆ ಕಡಲಿನಲ್ಲಿ ಆ ಮೀನು ಶತ್ರುಗಳಿಂದ ಅಡಗಿಕೊಳ್ಳುವ, ಹೂವಿನಂತೆ ಕಾಣುವ ಕುಟುಕುವ ಜೀವಿಯಲ್ಲಿ. ಎರಡನ್ನೂ ಒಂದೇ ದಿನ ತಂದು ಹೊಸ ತೊಟ್ಟಿಗೆ ಬಿಟ್ಟರೆ ಅನೆಮೊನಿ ಸಾಮಾನ್ಯವಾಗಿ ಉಳಿಯುವುದಿಲ್ಲ. ಅದು ಕೊಳೆತು ನೀರು ಕೆಟ್ಟರೆ ಮೀನೂ ಹೋಗುತ್ತದೆ. ತೊಟ್ಟಿಯೊಳಗೆ ಮೀನನ್ನು ಹಿಡಿದು ತಿನ್ನುವವರು ಯಾರೂ ಇಲ್ಲ, ಹಾಗಾಗಿ ಅನೆಮೊನಿ ಇಲ್ಲದೆಯೂ ಅದು ವರ್ಷಗಟ್ಟಲೆ ಬದುಕುತ್ತದೆ. ನಾನು ಮೀನನ್ನು ಮೊದಲು ಬಿಟ್ಟು, ತೊಟ್ಟಿಗೆ ಏಳೆಂಟು ತಿಂಗಳು ತುಂಬಿದ ಮೇಲಷ್ಟೇ ಅನೆಮೊನಿ ತರುತ್ತೇನೆ.

ತೊಟ್ಟಿ 3 ಅಡಿ ಉದ್ದ, ಅಗಲ ಎತ್ತರ ಒಂದೂವರೆ ಅಡಿ. ಕಲ್ಲು ಮರಳು ಹಾಕಿದ ಮೇಲೆ ಸುಮಾರು 160 ಲೀಟರ್ ನೀರು ಹಿಡಿಯುತ್ತದೆ. ತೊಟ್ಟಿ ಚಿಕ್ಕದಾದಷ್ಟೂ ಉಪ್ಪಿನಂಶ, ಬಿಸಿ ಎರಡೂ ಬೇಗ ಏರುಪೇರಾಗುತ್ತವೆ.

ಬೆಂಗಳೂರಿನ ಬೋರ್‌ವೆಲ್ ನೀರು ಇದಕ್ಕೆ ಬಾರದು. ಅಡುಗೆಮನೆಯ ಆರ್‌ಒ ನೀರೂ ಸಾಲದು. ಕುಡಿಯಲು ರುಚಿಯಿರಲೆಂದು ಅದರಲ್ಲಿ ಲವಣ ಉಳಿಸಿರುತ್ತಾರೆ. ಆರ್‌ಒ ಆದ ಮೇಲೆ ಉಳಿದ ಲವಣವನ್ನೂ ಹೀರುವ ಡಿಐ ರೆಸಿನ್ ದಾಟಿಸಿ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ 0 ತೋರಿಸಬೇಕು. ಇಲ್ಲದಿದ್ದರೆ ಮರಳಿನ ಮೇಲೆ ಕಂದು ಪಾಚಿ ಹಬ್ಬುತ್ತದೆ, ಬಿಟ್ಟು ಹೋಗುವುದೇ ಇಲ್ಲ. ಲೀಟರಿಗೆ 36ರಿಂದ 38 ಗ್ರಾಂ ರೀಫ್ ಸಾಲ್ಟ್ (ಕಡಲ ತೊಟ್ಟಿಗೆಂದೇ ಮಾರುವ ಉಪ್ಪು) ಹಾಕಿ, ಪಂಪ್ ಇಟ್ಟು ರಾತ್ರಿಯಿಡೀ ಕಲಕಿ, ಸಾಂದ್ರತೆ 1.025 ಬಂದಾಗ ಬಳಸುತ್ತೇನೆ. ಅಳೆಯಲು ರಿಫ್ರಾಕ್ಟೋಮೀಟರ್ ಇರಲಿ, ಬೆಳಕು ಬಾಗುವುದನ್ನು ನೋಡಿ ಉಪ್ಪಿನಂಶ ಹೇಳುವ ಸಾಧನ ಅದು. 35 ಪಿಪಿಟಿ (ಸಾವಿರ ಭಾಗಕ್ಕೆ 35 ಭಾಗ ಉಪ್ಪು) ದ್ರಾವಣದಲ್ಲಿ ಅದನ್ನು ಆಗಾಗ ಸರಿಹೊಂದಿಸಿ. ಕರಾವಳಿಯವರಿಗೆ ಕಡಲ ನೀರನ್ನೇ ತರೋಣ ಎನ್ನಿಸುವುದು ಸಹಜ, ಆದರೆ ಮಳೆಗಾಲದಲ್ಲಿ ನದಿಗಳು ಸೇರಿ ದಡದ ನೀರಿನ ಉಪ್ಪು ಬಹಳ ಇಳಿದಿರುತ್ತದೆ, ಕೊಳೆಯೂ ಜಾಸ್ತಿ.

ಕಲ್ಲಿನ ವಿಷಯದಲ್ಲಿ ಕಾನೂನು ಗೊತ್ತಿರಬೇಕು. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಸಮುದ್ರದಿಂದ ಕಿತ್ತು ತಂದ ಹವಳದ ಕಲ್ಲನ್ನು ಯಾರು ಕೊಟ್ಟರೂ ಕೊಳ್ಳಬೇಡಿ. ಸಿರಾಮಿಕ್ ಕಲ್ಲು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಮೀನಿನ ಹೊಲಸಿನಿಂದ ಬರುವ ವಿಷವಾದ ಅಮೋನಿಯಾವನ್ನು ಒಡೆಯುವ ಬ್ಯಾಕ್ಟೀರಿಯಾ ಅದರಲ್ಲಿ ಕೂರಲು ಸಮಯ ಹಿಡಿಯುತ್ತದೆ ಅಷ್ಟೆ. ಅವನ್ನು ಬೆಳೆಸಲು ಹೀಗೆ ಮಾಡಿ. ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾವನ್ನು 2 ಪಿಪಿಎಂಗೆ (ಹತ್ತು ಲಕ್ಷ ಭಾಗಕ್ಕೆ 2 ಭಾಗ) ಏರಿಸಿ, ಬಾಟಲಿ ಬ್ಯಾಕ್ಟೀರಿಯಾ ಸೇರಿಸಿ. ಅಷ್ಟೂ ಅಮೋನಿಯಾ 24 ಗಂಟೆಯೊಳಗೆ ಇಳಿದು, ಅದು ಒಡೆದು ಬರುವ ನೈಟ್ರೈಟ್ ಕೂಡ ಸೊನ್ನೆಯಾದರೆ ಮೀನಿಗೆ ತೊಟ್ಟಿ ಸಿದ್ಧ. ನಾಲ್ಕರಿಂದ ಆರು ವಾರ ಬೇಕಾಗಬಹುದು.

ಕ್ಲೌನ್ ಮೀನುಗಳಲ್ಲಿ, ತೊಟ್ಟಿಯಲ್ಲೇ ಹುಟ್ಟಿದ ಒಸೆಲ್ಲಾರಿಸ್ ಜಾತಿ ಹೊಸಬರಿಗೆ ಒಳ್ಳೆಯದು. ಮರಿಗಳೆಲ್ಲ ಗಂಡಾಗಿಯೇ ಬೆಳೆಯುತ್ತವೆ, ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಹಾಗಾಗಿ ಒಂದು ದೊಡ್ಡದು, ಒಂದು ಚಿಕ್ಕದು ತನ್ನಿ. ಸಮ ಗಾತ್ರದವು ಕಚ್ಚಾಡುವುದು ಹೆಚ್ಚು. ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಿ. ಮೈಮೇಲೆ ದಪ್ಪ ಲೋಳೆ, ಏದುಸಿರು ಕಂಡರೆ ಬ್ರೂಕ್ಲಿನೆಲ್ಲಾ ಎಂಬ ಪರಾವಲಂಬಿಯ ರೋಗ ಇರಬಹುದು. ಒಂದೆರಡು ದಿನದಲ್ಲೇ ಮೀನು ಸಾಯುತ್ತದೆ, ಫಾರ್ಮಲಿನ್ ಸ್ನಾನಕ್ಕೆ ತಡಮಾಡಬಾರದು. ತಾಮ್ರದ ಔಷಧಿಯನ್ನು ಮಾತ್ರ ಮುಖ್ಯ ತೊಟ್ಟಿಗೆ ಎಂದೂ ಹಾಕಬೇಡಿ. ಕಲ್ಲು ಮರಳಿನಲ್ಲಿ ಅಂಟಿ ಉಳಿದ ತಾಮ್ರ ಮುಂದೆ ಬರುವ ಅನೆಮೊನಿಯನ್ನು ಕೊಲ್ಲುತ್ತದೆ.

ಅನೆಮೊನಿಗಳಲ್ಲಿ ಬಬಲ್ ಟಿಪ್ ಒಂದನ್ನೇ ನಾನು ಹೊಸಬರಿಗೆ ಹೇಳುವುದು. ರತ್ನಗಂಬಳಿಯಂತೆ ಹರಡುವ ಕಾರ್ಪೆಟ್ ಜಾತಿ ನೋಡಲು ಚೆಂದ, ಆದರೆ ಸಣ್ಣ ಮೀನುಗಳನ್ನು ಹಿಡಿದು ತಿನ್ನುತ್ತದೆ, ಉಳಿಸಿಕೊಳ್ಳುವುದೂ ಕಷ್ಟ. ಕೊಳ್ಳುವಾಗ ಬಾಯಿ ಬಿಗಿಯಾಗಿ ಮುಚ್ಚಿದೆಯೇ, ಪಾದ ಹರಿಯದೆ ಗಟ್ಟಿಯಾಗಿ ಅಂಟಿದೆಯೇ ನೋಡಿ. ಅಚ್ಚ ಬಿಳಿ ಬಣ್ಣಕ್ಕೆ ಮರುಳಾಗಬೇಡಿ. ಅದಕ್ಕೆ ಬೆಳಕಿನಿಂದ ಆಹಾರ ಮಾಡಿಕೊಡುವ ಪಾಚಿಯನ್ನೇ ಕಳೆದುಕೊಂಡಿರುವ ಜೀವಿ ಅದು. ಹಳದಿ, ನೇರಳೆಯ ಕಡುಬಣ್ಣವಿದ್ದರೆ ಬಣ್ಣ ಹಾಕಿರಬಹುದು.

ಬಿಟ್ಟ ಕೂಡಲೇ ಅದು ಇಟ್ಟ ಜಾಗದಲ್ಲೇ ಇರುತ್ತದೆಂದು ನಂಬಬೇಡಿ. ಪಾದ ಹುದುಗಿಸಲು ಬಿರುಕು, ಹದವಾದ ಹರಿವು, ಬೆಳಕು ಸಿಗುವವರೆಗೆ ನಡೆಯುತ್ತಲೇ ಇರುತ್ತದೆ. ಅಪಾಯವೆಂದರೆ ನೀರನ್ನು ಅಲೆಯಂತೆ ತಳ್ಳುವ ಪಂಪ್, ವೇವ್‌ಮೇಕರ್: ಅದರೊಳಗೆ ಸಿಕ್ಕರೆ ಚೂರುಚೂರಾಗಿ ಇಡೀ ತೊಟ್ಟಿ ವಿಷವಾಗುತ್ತದೆ. ಆದ್ದರಿಂದ ಅನೆಮೊನಿ ತರುವ ಮುಂಚೆಯೇ ಪಂಪುಗಳ ಬಾಯಿಗೆಲ್ಲ ಸ್ಪಾಂಜ್ ಅಥವಾ ಜಾಲರಿ ಕಟ್ಟಿ. ಕಲ್ಲಿಗೆ ಅಂಟಿದ ಮೇಲೆ ಕೀಳಲು ಹೋಗಬೇಡಿ, ಪಾದ ಹರಿದರೆ ಸಾಯಬಹುದು. ಹತ್ತು ದಿನಕ್ಕೊಮ್ಮೆ ಕಡಲೆಕಾಳಿನಷ್ಟು ಸಿಗಡಿ ಸಾಕು. ದೊಡ್ಡ ತುಂಡು ಕೊಟ್ಟರೆ ಉಗುಳಿ ನೀರು ಕೆಡಿಸುತ್ತದೆ.

ತಾಪಮಾನ 25–27 ಡಿಗ್ರಿ, ಆಲ್ಕಲಿನಿಟಿ (ನೀರು ಆಮ್ಲೀಯವಾಗದಂತೆ ತಡೆಯುವ ಗುಣ) 8–9 ಡಿಕೆಎಚ್, ನೈಟ್ರೇಟ್ 5–10 ಪಿಪಿಎಂ ಇರಲಿ. ಈ ಅಂಕಿಗಳಿಗಿಂತ ಅವು ಅಲುಗಾಡದಿರುವುದು ಮುಖ್ಯ. ಆವಿಯಾದ ನೀರಿನ ಜಾಗಕ್ಕೆ ದಿನವೂ ಡಿಐ ಸಿಹಿನೀರನ್ನೇ ಸೇರಿಸಬೇಕು, ಉಪ್ಪುನೀರಲ್ಲ, ಉಪ್ಪು ಆವಿಯಾಗುವುದಿಲ್ಲ. ವಾರಕ್ಕೆ ಶೇ 10ರಷ್ಟು ನೀರು ಬದಲಿಸುತ್ತೇನೆ. ಕರೆಂಟ್ ಹೋದಾಗ ತಾನಾಗಿ ಚಾಲೂ ಆಗುವ ಬ್ಯಾಟರಿ ಏರ್ ಪಂಪ್ ಇಲ್ಲದೆ ಈ ಹವ್ಯಾಸಕ್ಕೆ ಇಳಿಯಬಾರದು.

ಅನೆಮೊನಿ ಆಗಾಗ ಕುಗ್ಗಿ ಕಂದು ಕೊಳೆ ಹೊರಹಾಕುವುದು ಮಾಮೂಲು, ಕೆಲ ಗಂಟೆಗಳಲ್ಲಿ ಮತ್ತೆ ಅರಳುತ್ತದೆ. ಬಾಯಿ ಜೋತುಬಿದ್ದು, ಮೈ ಕರಗಿ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಸತ್ತಿದೆ. ಆಗ ಮರುದಿನಕ್ಕೆ ಬಿಡದೆ ತೆಗೆದುಹಾಕಿ, ಕಾಲುಭಾಗ ನೀರು ಬದಲಿಸಿ, ವಿಷ ಹೀರುವ ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಅಮೋನಿಯಾ ಅಳೆಯಿರಿ.