ಒಂಟಾರಿಯೊ ಶಾಲೆ, ಲಸಿಕೆ ಕಾಯ್ದೆ ಮತ್ತು ಸಿಗದ ವೈದ್ಯರು

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಮಗುವಿಗೆ ಲಸಿಕೆ ಹಾಕಿಸಿದರಷ್ಟೇ ಸಾಲದು. ಹಾಕಿಸಿದ್ದೇವೆ ಎಂದು ಸ್ಥಳೀಯ ಸಾರ್ವಜನಿಕ ಆರೋಗ್ಯ ಘಟಕಕ್ಕೆ ತಿಳಿಸುವ ಹೊಣೆಯೂ ತಂದೆತಾಯಿಯದೇ. ಹೊಸದಾಗಿ ಬಂದವರು ಎಡವುವುದು ಇಲ್ಲೇ. ವೈದ್ಯರು ಲಸಿಕೆ ಕೊಟ್ಟು ಹಳದಿ ಕಾರ್ಡಿನಲ್ಲಿ ಬರೆಯುತ್ತಾರೆ, ಆದರೆ ಆ ವಿವರ ತಾನಾಗಿ ಘಟಕವನ್ನು ತಲುಪುತ್ತದೆಂದು ನಂಬಿ ಕೂರಬೇಡಿ. ಬಹಳ ಕಡೆ ‘ಐಕಾನ್’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನೀವೇ ದಾಖಲಿಸಬಹುದು. ದಾಖಲೆ ಇಲ್ಲದಿದ್ದರೆ ಪತ್ರ ಬರುತ್ತದೆ. ಅದಕ್ಕೂ ಸುಮ್ಮನಿದ್ದರೆ ಮಗುವನ್ನು 20 ಶಾಲಾ ದಿನಗಳವರೆಗೆ ಅಮಾನತಿನಲ್ಲಿಡಲು ಶಾಲಾ ಮಕ್ಕಳ ಲಸಿಕೆ ಕಾಯ್ದೆಯಲ್ಲಿ ಅವಕಾಶವಿದೆ.

ನಮ್ಮ ತಾಯಿ ಕಾರ್ಡನ್ನು ಇಲ್ಲಿನ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಪೋಲಿಯೊ ಎರಡರಲ್ಲೂ ಇವೆ. ತೊಡಕಿರುವುದು ದಡಾರದಲ್ಲಿ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಮೊದಲ ಎಂಆರ್ (ದಡಾರ-ರುಬೆಲ್ಲಾ) ಲಸಿಕೆ ಒಂಬತ್ತು ತಿಂಗಳು ತುಂಬಿದಾಗ ಬೀಳುತ್ತದೆ. ಮೊದಲ ಹುಟ್ಟುಹಬ್ಬಕ್ಕೆ ಮುಂಚೆ ಕೊಟ್ಟ ಡೋಸ್ ಇಲ್ಲಿ ಲೆಕ್ಕಕ್ಕಿಲ್ಲ. ಮೇಲಾಗಿ ಎಂಆರ್‌ನಲ್ಲಿ ಮಂಗನಬಾವಿಗೆ ರಕ್ಷಣೆ ಇಲ್ಲ. ಇಲ್ಲಿ ಅದು ಕಡ್ಡಾಯ. ಮಿದುಳಿನ ಪೊರೆಯ ಸೋಂಕು ತಡೆಯುವ ಮೆನಿಂಗೊಕಾಕಲ್ ಲಸಿಕೆಯೂ ಬೇಕು, 2010ರಲ್ಲಿ ಅಥವಾ ಆಮೇಲೆ ಹುಟ್ಟಿದವರಿಗೆ ಚಿಕನ್ ಪಾಕ್ಸ್ ಲಸಿಕೆಯೂ ಬೇಕು. ಊರು ಬಿಡುವ ಮುನ್ನ ಮಕ್ಕಳ ವೈದ್ಯರಿಂದ ಇಂಗ್ಲಿಷಿನಲ್ಲಿ ಒಂದು ಪಟ್ಟಿ ಬರೆಸಿಕೊಳ್ಳಿ. ತಿಂಗಳನ್ನು ಅಕ್ಷರದಲ್ಲೇ ಬರೆಯಲಿ. 03/04 ಎಂದಿದ್ದರೆ ಇಲ್ಲಿನವರು ಅದನ್ನು ಮಾರ್ಚ್ ಎಂದೂ ಓದಬಹುದು, ಏಪ್ರಿಲ್ ಎಂದೂ ಓದಬಹುದು.

ಉಳಿದ ಡೋಸ್ ಹಾಕುವವರು ಯಾರು? ಕುಟುಂಬ ವೈದ್ಯರು ಎಂದು ಬಾಯಿಮಾತಿಗೆ ಹೇಳುತ್ತಾರೆ. 2024ರ ಅಂದಾಜಿನಂತೆ ಪ್ರಾಂತ್ಯದಲ್ಲಿ 20 ಲಕ್ಷಕ್ಕೂ ಹೆಚ್ಚು ಜನರಿಗೆ ಅಂಥ ವೈದ್ಯರೇ ಇರಲಿಲ್ಲ. ಅಮಾನತಿನ ಪತ್ರಕ್ಕೆ ಗಡುವು ಇದೆ, ವೈದ್ಯರ ಸರತಿಗೆ ಗಡುವಿಲ್ಲ. ಕಾಯ್ದೆ ಸರಿಯಾದದ್ದೇ, ಆದರೆ ಕಡ್ಡಾಯ ಮಾಡುವ ಸರ್ಕಾರ ಲಸಿಕೆ ಸಿಗುವ ಜಾಗವನ್ನೂ ಕೈಗೆಟುಕುವಂತೆ ಇಡಬೇಡವೇ? ಪತ್ರ ಬಂದರೆ ಮೊದಲು ಆರೋಗ್ಯ ಘಟಕಕ್ಕೇ ಫೋನ್ ಮಾಡಿ, ಅವರದೇ ಲಸಿಕಾ ಕೇಂದ್ರ ಇದೆಯೇ ಎಂದು ಕೇಳಿ. ಇದಕ್ಕಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗುವುದು ವ್ಯರ್ಥ.

ಈ ಎಳೆದಾಟ ಮಕ್ಕಳ ಲಸಿಕೆಗಷ್ಟೇ ಸೀಮಿತವಲ್ಲ. 2021ರ ನವೆಂಬರ್ 3ರಂದು ಒಂಟಾರಿಯೊ ಮತ್ತು ಕ್ವಿಬೆಕ್ ಎರಡೂ ಆಸ್ಪತ್ರೆ ಸಿಬ್ಬಂದಿಗೆ ಕೋವಿಡ್ ಲಸಿಕೆಯನ್ನು ಪ್ರಾಂತ್ಯದಾದ್ಯಂತ ಕಡ್ಡಾಯ ಮಾಡುವ ಯೋಚನೆಯಿಂದ ಹಿಂದೆ ಸರಿದವು. ಮೊದಲೇ ಕೈ ಸಾಲದಿರುವಾಗ ಇದ್ದ ನರ್ಸ್‌ಗಳೂ ಹೋದರೆ ಏನು ಗತಿ ಎಂಬ ಅಂಜಿಕೆ. ಎರಡು ತಿಂಗಳ ಬಳಿಕ ಕ್ವಿಬೆಕ್ ಪ್ರಾಂತ್ಯದ ಆಗಿನ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯಂತೆ) ಫ್ರಾಂಸ್ವಾ ಲೆಗೋ, ವಯಸ್ಕರಲ್ಲಿ ಸುಮಾರು ಶೇ. 10ರಷ್ಟಿರುವ ಲಸಿಕೆ ಪಡೆಯದವರೇ ತೀವ್ರ ನಿಗಾ ಘಟಕಗಳ ಅರ್ಧದಷ್ಟು ಹಾಸಿಗೆಗಳಲ್ಲಿದ್ದಾರೆ, ಅವರಿಂದ ಆರೋಗ್ಯ ತೆರಿಗೆ ವಸೂಲಿ ಮಾಡುತ್ತೇವೆ ಎಂದರು. ಫೆಬ್ರವರಿ 1ರಂದು ಅದನ್ನೂ ಕೈಬಿಟ್ಟರು. ಎಲ್ಲರ ತೆರಿಗೆಯಿಂದ ಎಲ್ಲರಿಗೂ ಚಿಕಿತ್ಸೆ ಎಂಬ ದೇಶದಲ್ಲಿ ರೋಗಿಯ ತಪ್ಪು ಹುಡುಕಿ ಬಿಲ್ ಕೊಡಲು ಹೊರಟರೆ ಧೂಮಪಾನಿಯ ಸರದಿ ಯಾವಾಗ ಎಂಬ ಪ್ರಶ್ನೆ ಏಳದೇ ಇರುತ್ತದೆಯೇ?

ಶಾಲೆಯ ಲಸಿಕೆಗೆ ವೈದ್ಯಕೀಯ ಕಾರಣ, ಧಾರ್ಮಿಕ ನಂಬಿಕೆ ಅಥವಾ ಆತ್ಮಸಾಕ್ಷಿಯ ಹೆಸರಿನಲ್ಲಿ ವಿನಾಯಿತಿ ಇದೆ. ಕೊನೆಯ ಎರಡಕ್ಕೆ ತಿಳಿವಳಿಕೆ ಪಾಠ ಕೇಳಿ ಅಫಿಡವಿಟ್ (ಪ್ರಮಾಣ ಮಾಡಿದ ಲಿಖಿತ ಹೇಳಿಕೆ) ಸಲ್ಲಿಸಬೇಕು. ಸುಲಭವೆಂದು ಇದನ್ನು ಹಿಡಿಯಬೇಡಿ. 2024ರ ಕೊನೆಯಲ್ಲಿ ಶುರುವಾದ ದಡಾರ ಒಂಟಾರಿಯೊದಲ್ಲಿ 2000ಕ್ಕೂ ಹೆಚ್ಚು ಜನರಿಗೆ ತಗುಲಿತು. ರೋಗ ಹಬ್ಬಿದಾಗ, ವಿನಾಯಿತಿ ಪಡೆದ ಮಗುವನ್ನೂ ಶಾಲೆಯಿಂದ ಹೊರಗಿಡಲು ಆರೋಗ್ಯಾಧಿಕಾರಿ ಆದೇಶಿಸಬಹುದು.